ನಾಲ್ಕೂರಿನ ಗೆಳೆಯರಿಗೆ ಒಂದು ದಿನ

ಪಟವರ್ಧನ ಅರಸರು ಆಳಿದ ಜಮಖಂಡಿಯ ಪಿ.ಬಿ. ಹೈಸ್ಕೂಲಿನಲ್ಲಿ ಒಟ್ಟಿಗೆ ಓದಿದ ನಾವು, ಎಪ್ಪತ್ತು ದಾಟಿದ ಮೇಲೆ ಒಮ್ಮೆ ಕೂಡಬೇಕೆಂದು ಹೊರಟೆವು. ದಿನ ಗೊತ್ತುಮಾಡುವುದೇ ದೊಡ್ಡ ಕೆಲಸವಾಯಿತು, ಮಕ್ಕಳೇ!

ಮಳೆಗಾಲ ಬೇಡ, 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ದಾರಿಗಳೇ ಮುಳುಗಿದ್ದವು. ದೀಪಾವಳಿಗೆ ಮುಂಚೆ ರಬಕವಿ-ಬನಹಟ್ಟಿಯ ನೇಕಾರ ಗೆಳೆಯರು ಮಗ್ಗ ಬಿಟ್ಟು ಏಳರು. ಹಬ್ಬದ ಸೀರೆ ಆಗಲೇ ಪೇಟೆಗೆ ಹೋಗಬೇಕು. ಆಮೇಲೆ ಕವಿ ರನ್ನನ ಮುಧೋಳದಲ್ಲಿ ಕಬ್ಬಿನ ಕಟಾವು. ಮೇ ತಿಂಗಳ ಬಿಸಿಲು ನಮ್ಮ ವಯಸ್ಸಿಗೆ ಆಗದು.

ಬೀಳಗಿ ಕಡೆಯ ಗೆಳೆಯನದು ಬೇರೆಯೇ ಕಥೆ. ನಮ್ಮಲ್ಲಿದ್ದ ವಿಳಾಸದ ಊರು ಈಗ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿದೆ. ಪುನರ್ವಸತಿ ಕೇಂದ್ರಗಳಿಗೆ ಹೋಗಿ ಅವನ ತಂದೆಯ ಹೆಸರು ಹೇಳಿ ವಿಚಾರಿಸಿದೆವು, ಮೂರನೆಯದರಲ್ಲಿ ಸಿಕ್ಕ. “ಊರು ಮುಳಗೇತಿ, ಸಾಲಿ ಐತಲ್ಲೋ, ಬರ್ತೇನಿ” ಎಂದ.

ಕೊನೆಗೆ ಜನವರಿ 26 ಗೊತ್ತಾಯಿತು. ಅಂದು ಶಾಲೆ ತೆರೆದಿರುತ್ತದೆ, ಬಿಸಿಲೂ ಹಿತ. ಮುಧೋಳದವನು ಕಬ್ಬಿನ ಗಾಡಿಯನ್ನು ಮಗನಿಗೆ ಒಪ್ಪಿಸಿ ಬರುತ್ತಾನೆ. ಬನಹಟ್ಟಿಯವರು ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುತ್ತಾರೆ. ಧ್ವಜ ಏರುವಾಗ ಮಕ್ಕಳ ಹಿಂದಿನ ಸಾಲಿನಲ್ಲಿ ನಾವೂ ನಿಲ್ಲುತ್ತೇವೆ.

ನೀವೂ ಈಗಲೇ ನಿಮ್ಮ ತರಗತಿಯವರ ಹೆಸರು, ಊರು, ತಂದೆ-ತಾಯಿಯ ಹೆಸರು ಒಂದು ವಹಿಯಲ್ಲಿ ಬರೆದಿಡಿ. ಮುಂದೆ ಹುಡುಕುವಾಗ ಬೇಕಾಗುತ್ತದೆ.