ದಾರಕ್ಕೆ ಬಿದ್ದ ಹುರಿ

ಗಾಳ ಹಾಕಿ ಕುಳಿತವನನ್ನು ಕಂಡರೆ ಲೋಕಕ್ಕೆ ಒಂದು ಬಗೆಯ ತಾತ್ಸಾರ. ಕೆಲಸವಿಲ್ಲದವನು ಮಾಡುವ ಕೆಲಸವೆಂದರೆ ಅದೇ ಎಂದು ಅದರ ಎಣಿಕೆ. ಆದರೆ ಅವನ ಕೈಯಲ್ಲಿರುವುದು ಬರಿಯ ಬಿದಿರುಕೋಲಾಗಿರದೆ ರೀಲು ಕಟ್ಟಿದ ಕೋಲಾಗಿದ್ದರೆ, ಆ ತಾತ್ಸಾರವನ್ನು ಕೊಂಚ ಹಿಂದೆಗೆದುಕೊಳ್ಳಬೇಕಾಗುತ್ತದೆ. ಆ ಪುಟ್ಟ ಯಂತ್ರ ಸೋಮಾರಿಯನ್ನು ಸಹಿಸುವುದಿಲ್ಲ. ವಿಚಿತ್ರವೆಂದರೆ, ಅತ್ಯುತ್ಸಾಹಿಯನ್ನೂ ಸಹಿಸುವುದಿಲ್ಲ.

ಉಡುಪಿಯ ಸಮೀಪದ ಕೋಡಿಬೆಂಗ್ರೆಯಲ್ಲಿ ಸ್ವರ್ಣಾ ನದಿ ಸಮುದ್ರವನ್ನು ಸೇರುತ್ತದೆ. ಡಿಸೆಂಬರಿನ ಒಂದು ಸಂಜೆ ಅಲ್ಲಿನ ಅಳಿವೆಯ ದಂಡೆಯಲ್ಲಿ ಒಬ್ಬ ಅಜ್ಜನೂ ಮೊಮ್ಮಗನೂ ನಿಂತಿದ್ದರು. ಅಜ್ಜ ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಗಾಳದ ಹವ್ಯಾಸ ಅವರಿಗೆ ಮೂವತ್ತು ವರ್ಷಗಳದು. ಈಚೆಗೆ ದೃಷ್ಟಿ ಮಂಜಾಗಿ, ಕೊಕ್ಕೆಯ ಕಣ್ಣಿಗೆ ದಾರ ಪೋಣಿಸುವುದೂ ಕಷ್ಟವಾಗಿತ್ತು. ಆದ್ದರಿಂದ ತಮ್ಮ ಹಳೆಯ ರೀಲನ್ನು ಆ ದಿನ ಮೊಮ್ಮಗನ ಕೈಗೆ ಕೊಟ್ಟಿದ್ದರು. ಹುಡುಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವವನು. ಯಂತ್ರದ ವಿಷಯವನ್ನು ತನಗೆ ಯಾರೂ ಹೇಳಿಕೊಡಬೇಕಾಗಿಲ್ಲವೆಂಬ ಭರವಸೆ ಅವನದು.

ಈ ರೀಲಿನ ಹುಟ್ಟೂ ಸ್ವಾರಸ್ಯವಾದುದು. ಹಿಂದಿನ ರೀಲುಗಳಲ್ಲಿ ಗಾಳ ಎಸೆದಾಗ ಉರುಳೆಯೇ ಗಿರಗಿರನೆ ತಿರುಗಿ ದಾರ ಬಿಡಬೇಕಾಗಿತ್ತು. ಹಗುರವಾದ ಎರೆಗೆ ಅದನ್ನು ತಿರುಗಿಸುವಷ್ಟು ಬಲವೆಲ್ಲಿಯದು? ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ಉಣ್ಣೆ ಉದ್ಯಮಿ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್ 1905ರಲ್ಲಿ ಬೇರೊಂದು ಬಗೆಯ ರೀಲಿಗೆ ಪೇಟೆಂಟ್ ಪಡೆದನು. ಗಿರಣಿಯ ಲಾಳಿಯೊಳಗೆ ಕಂಡಿಕೆ ಸುಮ್ಮನೆ ನಿಂತಿದ್ದು, ನೂಲು ಅದರ ತುದಿಯಿಂದ ಬಿಚ್ಚಿಕೊಂಡು ಹೋಗುವುದಷ್ಟೆ? ಇಲ್ಲಿಯೂ ಹಾಗೆಯೇ. ಎಸೆದಾಗ ಉರುಳೆ ನಿಂತೇ ಇರುತ್ತದೆ, ದಾರ ಮಾತ್ರ ಓಡುತ್ತದೆ. ಹಿಡಿಯನ್ನು ತಿರುಗಿಸಿದಾಗ ಒಂದು ಬಾಗುಕಂಬಿ ಉರುಳೆಯ ಸುತ್ತ ಪ್ರದಕ್ಷಿಣೆ ಹಾಕುತ್ತ ದಾರವನ್ನು ಮರಳಿ ಸುತ್ತುತ್ತದೆ. ಗುಣವೂ ಇದೇ, ದೋಷವೂ ಇದೇ. ನಿಂತ ಉರುಳೆಯ ಮೇಲೆ ದಾರವನ್ನು ಸುತ್ತುವ ಯಂತ್ರ, ತುಸು ಎಚ್ಚರ ತಪ್ಪಿದರೆ ದಾರವನ್ನೇ ಹುರಿಗೊಳಿಸಿಬಿಡುತ್ತದೆ.

ಅಜ್ಜನ ಅಭ್ಯಾಸಗಳೆಲ್ಲ ಈ ಹುರಿಯನ್ನು ದೂರವಿಡುವ ಅಭ್ಯಾಸಗಳೇ. ಉರುಳೆಯ ಅಂಚಿಗೆ ಮೂರು ಮಿಲಿಮೀಟರಿನಷ್ಟು ಕಡಮೆಯಿರುವವರೆಗೆ ದಾರ ತುಂಬಬೇಕು. ಹೆಚ್ಚಾದರೆ ಸುರುಳಿ ಸುರುಳಿಯಾಗಿ ಜಾರಿಬೀಳುವುದು, ಕಡಮೆಯಾದರೆ ಅಂಚಿಗೆ ಉಜ್ಜಿ ಎಸೆತ ಮೋಟಾಗುವುದು. ಎರೆ ನೀರಿಗೆ ಬೀಳುತ್ತಲೇ ಬಾಗುಕಂಬಿಯನ್ನು ಕೈಯಿಂದಲೇ ಮುಚ್ಚಬೇಕು. ಹಿಡಿ ತಿರುಗಿಸಿ ಪಟ್ಟನೆ ಮುಚ್ಚಿಸುವುದು ಸಲ್ಲದು. ಮುಚ್ಚಿದ ಮೇಲೆ ದಾರವನ್ನು ಬೆರಳಿನಿಂದ ಒಮ್ಮೆ ಎಳೆದು ಸಡಿಲವನ್ನು ತೆಗೆದು, ಆಮೇಲೆ ಸುತ್ತಬೇಕು. ಇದಕ್ಕೆ ಬೇಕಾಗುವುದು ಎರಡು ಕ್ಷಣ. ಹುಡುಗನ ಬಳಿ ಆ ಎರಡು ಕ್ಷಣ ಇರಲಿಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ಮೊದಲ ಮೀನು ಹಿಡಿಯಿತು. ಕೋಲು ಬಾಗಿತು, ರೀಲು ಕಿರ್ರೆಂದಿತು. ರೀಲಿನಲ್ಲಿ ಡ್ರ್ಯಾಗ್ ಎಂಬ ಬಿಗಿತದ ತಿರುಪೊಂದಿದೆ. ದಾರ ತಾಳುವ ಭಾರದ ಕಾಲು ಅಥವಾ ಮೂರನೆಯ ಒಂದು ಪಾಲಿನಷ್ಟು ಎಳೆತ ಬಿದ್ದಾಗ ಉರುಳೆ ಜಾರಿ ದಾರ ಬಿಟ್ಟುಕೊಡುವಂತೆ ಅದನ್ನು ಹೊಂದಿಸುವುದು ವಾಡಿಕೆ. ಆರು ಕಿಲೋ ತಾಳುವ ದಾರಕ್ಕೆ ಒಂದೂವರೆಯಿಂದ ಎರಡು ಕಿಲೋ. ಅಜ್ಜ ಅದನ್ನು ಮನೆಯಲ್ಲೇ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಅಳೆದಿಟ್ಟಿದ್ದರು. ಮೀನು ಓಡುವಾಗ ಓಡಗೊಡಬೇಕು. ನಿಂತಾಗ ಕೋಲನ್ನು ಮೆಲ್ಲನೆ ಮೇಲೆತ್ತಿ, ತಗ್ಗಿಸುತ್ತ ಸುತ್ತಿಕೊಳ್ಳಬೇಕು.

ಹುಡುಗ ಮಾತ್ರ ಬಿಡದೆ ಹಿಡಿ ತಿರುಗಿಸುತ್ತಲೇ ಇದ್ದ.

“ತಿರುಗಿಸಬೇಡ ಮಾರಾಯ! ರೀಲು ಕೂಗುವಾಗ ಕೈ ನಿಲ್ಲಬೇಕು.”

“ಮೀನು ಹೋಗಿಬಿಡುತ್ತೆ ಅಜ್ಜ!”

ದಾರ ಒಂದು ಅಂಗುಲವೂ ಒಳಗೆ ಬರುತ್ತಿರಲಿಲ್ಲ. ಆದರೂ ಸುಮ್ಮನಿರುವುದು ಅವನಿಂದಾಗದು. ಹಿಡಿಯ ಒಂದು ಸುತ್ತಿಗೆ ಬಾಗುಕಂಬಿ ಐದು ಸುತ್ತು ಬರುವ ರೀಲು ಅದು. ಉರುಳೆ ಜಾರುತ್ತಿರುವಾಗ ಕಂಬಿಯ ಪ್ರತಿಯೊಂದು ಸುತ್ತೂ ದಾರಕ್ಕೆ ಒಂದು ಹುರಿ. ಹಿಡಿಯನ್ನು ಹತ್ತು ಸಲ ತಿರುಗಿಸಿದರೆ ಐವತ್ತು ಹುರಿ! ದಾರ ಬಿಗಿಯಾಗಿರುವಾಗ ಅದು ಕಣ್ಣಿಗೆ ಕಾಣುವುದಿಲ್ಲ.

ಮೊದಲನೆಯ ಮೀನು ಕೊಕ್ಕೆ ಕಳಚಿಕೊಂಡು ಹೋಯಿತು. ಮತ್ತೆ ಎಸೆದಾಗ ಉರುಳೆಯ ಮೇಲಿನ ದಾರ ಜೀವಬಂದಂತೆ ಮುರುಟಿಕೊಂಡು ಎದ್ದಿತು. ಎರಡನೆಯ ಮೀನು ಎಳೆದಾಗ, ಎಲ್ಲೋ ಬಿದ್ದಿದ್ದ ಗಂಟು ಕೋಲಿನ ಉಂಗುರದಲ್ಲಿ ಸಿಕ್ಕಿಕೊಂಡಿತು. ಟಪ್ಪೆಂದು ಒಂದು ಸದ್ದು. ಆಮೇಲೆ ಅಲೆಯ ಸದ್ದಷ್ಟೆ.

“ದಾರ ಹಳೆಯದು, ಅಜ್ಜ,” ಎಂದ ಹುಡುಗ.

ಅಜ್ಜ ಉಳಿದ ದಾರವನ್ನು ಒಂದು ಮೊಳದಷ್ಟು ಎರಡು ಕೈಗಳಲ್ಲಿ ಹಿಡಿದು, ಕೈಗಳನ್ನು ಹತ್ತಿರ ತಂದರು. ಸಡಿಲವಾದ ದಾರ ತನಗೆ ತಾನೇ ಹೆಣೆದುಕೊಂಡಿತು. ಅದನ್ನು ನೋಡಲು ಅವರಿಗೆ ಕಣ್ಣು ಬೇಕಾಗಿರಲಿಲ್ಲ. ಆ ಹೆಣಿಗೆಯನ್ನು ಹುಡುಗನ ಬೆರಳಿಗೆ ಮುಟ್ಟಿಸಿದರು.

“ಮೀನು ಹೋದದ್ದಕ್ಕೆ ಬೇಜಾರಿಲ್ಲ. ಬಾಯಲ್ಲಿ ಕೊಕ್ಕೆ, ಹಿಂದೆ ನಾಲ್ಕು ಮಾರು ನೈಲಾನ್ ಕಟ್ಟಿ ಕಳಿಸಿದೆವಲ್ಲ. ಅದು ಕೊಳೆಯುವ ವಸ್ತು ಅಲ್ಲ. ಅದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಏನೋ.”

ಹುಡುಗನಿಗೆ ಉತ್ತರ ತೋಚಲಿಲ್ಲ. ಕತ್ತಲಾಗುತ್ತಿದ್ದ ನೀರನ್ನೇ ಬಹಳ ಹೊತ್ತು ನೋಡುತ್ತ ನಿಂತ.

ಹುರಿಗೆ ಮದ್ದಿಲ್ಲದಿಲ್ಲ. ನೀರು ಇಳಿತಕ್ಕೆ ತಿರುಗಿತ್ತು. ಅಜ್ಜನ ಮಾತಿನಂತೆ, ಕೊಕ್ಕೆಯಾಗಲಿ ಭಾರದ ಗುಂಡಾಗಲಿ ಇಲ್ಲದ ಬರಿಯ ದಾರವನ್ನು ಹುಡುಗ ಸೆಳವಿಗೆ ಉದ್ದಕ್ಕೂ ಬಿಟ್ಟು, ಸ್ವಲ್ಪ ಹೊತ್ತು ಹಿಡಿದು ನಿಂತ. ಸೆಳವಿನಲ್ಲಿ ದಾರ ತನ್ನ ಹುರಿಯನ್ನು ತಾನೇ ಬಿಚ್ಚಿಕೊಂಡಿತು. ಬಳಿಕ ಎರಡು ಬೆರಳುಗಳ ನಡುವೆ ಒದ್ದೆ ಬಟ್ಟೆಯಿಟ್ಟು ಬಿಗಿಯಾಗಿ ಸುತ್ತಿಕೊಂಡ. ಕತ್ತರಿಸಿ ತೆಗೆದ ಗೋಜಲಿನ ತುಂಡುಗಳನ್ನು ಅಜ್ಜ ಮರಳಿನಿಂದ ಆರಿಸಿ ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದ ಮೇಲೆ ಇನ್ನರ್ಧ ಕೆಲಸ. ಉಪ್ಪುನೀರು ಕಬ್ಬಿಣದ ಶತ್ರು. ತಿರುಪನ್ನು ಬಿಗಿಮಾಡಿ, ಸಿಹಿನೀರನ್ನು ಮೆಲ್ಲಗೆ ಹನಿಸಿ ತೊಳೆಯಬೇಕು. ರೀಲನ್ನು ಬಾಲ್ದಿಯಲ್ಲಿ ಮುಳುಗಿಸಬಾರದು, ರಭಸದ ನೀರು ಬಿಡಬಾರದು, ಉಪ್ಪು ಇನ್ನೂ ಒಳಕ್ಕೆ ಹೋದೀತು. ಒರಸಿ ಒಣಗಿಸಿ, ದಾರ ಹಾಯುವ ಪುಟ್ಟ ಉರುಳಿಗೆ ಒಂದು ತೊಟ್ಟು ಎಣ್ಣೆ. ಅದು ಉಪ್ಪುಹಿಡಿದು ನಿಂತರೆ ದಾರವನ್ನು ಗರಗಸದಂತೆ ತೇಯುವುದು. ಕೊನೆಗೆ ತಿರುಪನ್ನು ಪೂರ್ತಿ ಸಡಿಲಿಸಿಡಬೇಕು; ಒಳಗಿನ ಬಿಲ್ಲೆಗಳು ಒತ್ತಿಕೊಂಡೇ ಇದ್ದರೆ ಚಪ್ಪಟೆಯಾಗಿ ಕೆಡುತ್ತವೆ. ಇದನ್ನೆಲ್ಲ ಆ ರಾತ್ರಿ ಮಾಡಿದವನು ಮೊಮ್ಮಗ; ಅಜ್ಜ ಬಾಯಿಮಾತಿನಲ್ಲಿ ಹೇಳಿದರಷ್ಟೆ.

ಮರುದಿನ ಸಂಜೆ ಮತ್ತೆ ಅದೇ ದಂಡೆ. ಕೋಲು ಬಾಗಿತು, ರೀಲು ಕಿರ್ರೆಂದಿತು. ಅಜ್ಜ ಕಿವಿಗೊಟ್ಟು ಕೇಳಿದರು. ಹಿಡಿ ತಿರುಗುವ ಸದ್ದು ಇರಲಿಲ್ಲ. ರೀಲಿನ ಕೂಗು ತಗ್ಗಿತು, ನಿಂತಿತು. ಆಮೇಲೆ ನಾಲ್ಕು ಸುತ್ತು, ಮತ್ತೆ ಮೌನ. ಹತ್ತು ನಿಮಿಷದ ಮೇಲೆ ಅಂಗೈಗಿಂತ ತುಸು ದೊಡ್ಡದಾದ ಒಂದು ಕೆಂಬೇರಿ ದಂಡೆಗೆ ಬಂದಿತು. ಇಷ್ಟು ಚಿಕ್ಕದಕ್ಕೆ ಇಷ್ಟು ತಾಳ್ಮೆಯೆ ಎಂದು ಹುಡುಗನಿಗೇ ನಗು ಬಂದಿತು. ಕೊಕ್ಕೆ ಬಿಡಿಸಿ ಅದನ್ನು ನೀರಿಗೆ ಬಿಟ್ಟ.

ಅಜ್ಜ ದಾರವನ್ನು ಕೈಗೆ ತೆಗೆದುಕೊಂಡು ಸಡಿಲಿಸಿ ನೋಡಿದರು. ಅದು ನೆಟ್ಟಗೆ ಜೋತುಬಿದ್ದಿತು. ರೀಲನ್ನು ಮರಳಿ ಕೇಳಲಿಲ್ಲ.