ನಾವು ತೋಡಿದ ಗುಂಡಿ

ಕಂಡವರಿಗೆಲ್ಲ ಪಾಠ ಹೇಳುವುದು ಅಧ್ಯಾಪಕರಿಗೆ ಅಂಟಿಕೊಳ್ಳುವ ಕಾಯಿಲೆ. ನನಗೆ ಅದು ಬಲವಾಗಿಯೇ ಇತ್ತು. ಅದನ್ನು ಕೊಂಚಮಟ್ಟಿಗೆ ಇಳಿಸಿದ್ದು ಒಂದು ಗುಂಡಿ.

ರಾಷ್ಟ್ರೀಯ ಸೇವಾ ಯೋಜನೆಯ ಹೆಸರನ್ನು ಕೇಳದವರಿಲ್ಲ. ಗಾಂಧೀ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಅದು ಮೊದಲಾಯಿತು. ಆಗ ಶಿಕ್ಷಣ ಸಚಿವರಾಗಿದ್ದವರು ಬಳ್ಳಾರಿಯಿಂದ ಲೋಕಸಭೆಗೆ ಹೋಗಿದ್ದ ವಿ.ಕೆ.ಆರ್.ವಿ. ರಾವ್. ವಿದ್ಯಾರ್ಥಿಯಾದವನು ಎರಡು ವರ್ಷದಲ್ಲಿ 240 ಗಂಟೆ ದುಡಿಯಬೇಕು. ಅದಲ್ಲದೆ ಏಳು ದಿನದ ಶಿಬಿರ. ‘ನನಗಲ್ಲ, ನಿನಗೆ’ ಎಂಬುದು ಧ್ಯೇಯವಾಕ್ಯ.

ಅರ್ಥಶಾಸ್ತ್ರದ ಮೇಷ್ಟ್ರಾದ ನಾನು ಹುಡುಗರನ್ನು ಕರೆದುಕೊಂಡು ತುಮಕೂರು ಜಿಲ್ಲೆಯ ಒಂದು ಹಳ್ಳಿಗೆ ಹೋದೆ. ಅಲ್ಲೊಬ್ಬ ಅಜ್ಜಿಯ ಮನೆಯ ಬಚ್ಚಲ ನೀರು ಅಂಗಳದಲ್ಲೇ ನಿಲ್ಲುತ್ತಿತ್ತು. ಇಂಗುಗುಂಡಿ ತೋಡೋಣವೆಂದೆ. ಪುಸ್ತಕದಲ್ಲಿದ್ದಂತೆ ಅಳತೆ ಹಿಡಿದು, ತಗ್ಗಿನ ಜಾಗ ನೋಡಿ ಗುರುತು ಹಾಕಿದೆ.

“ಅಲ್ಲಿ ಬ್ಯಾಡ ಮೇಷ್ಟ್ರೇ. ಮಳೆ ಬಂದ್ರೆ ಬೀದಿ ನೀರೆಲ್ಲ ಅಲ್ಲಿಗೇ ನುಗ್ಗುತ್ತೆ” ಎಂದಳು ಅಜ್ಜಿ.

“ನೀವು ಸುಮ್ಮನಿರಿ ಅಜ್ಜಿ, ನಾವು ನೋಡಿಕೊಳ್ಳುತ್ತೇವೆ” ಎಂದೆ.

ಹುಡುಗರ ಅಂಗೈಯಲ್ಲಿ ಬೊಬ್ಬೆ ಎದ್ದವು. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮೇಲೆ ಮರಳು. ಫೋಟೋ ತೆಗೆಸಿಕೊಂಡೆವು. ‘ಇಂಗುಗುಂಡಿ ಒಂದು, ಪೂರ್ಣ’ ಎಂದು ವರದಿ ಬರೆದೆ. ಹುಡುಗರಿಗೆ ಪ್ರಮಾಣಪತ್ರ ಬಂತು.

ಮರುವರ್ಷ ಅದೇ ಹಳ್ಳಿಗೆ ಹೋದಾಗ ಗುಂಡಿ ಇರಲಿಲ್ಲ. ಮೊದಲ ದೊಡ್ಡ ಮಳೆಗೇ ಬೀದಿಯ ಮಣ್ಣು ಕೊಚ್ಚಿಕೊಂಡು ಬಂದು ಅದು ಹೂತುಹೋಗಿತ್ತು; ಉಕ್ಕಿದ ನೀರು ಅಜ್ಜಿಯ ಅಡುಗೆಮನೆಗೆ ನುಗ್ಗಿ ಒಂದು ಚೀಲ ರಾಗಿ ನೆನೆದು ಕೆಟ್ಟಿತ್ತಂತೆ. ಇದನ್ನು ಹೇಳಿದವರು ನೆರೆಯವರು, ಅಜ್ಜಿಯಲ್ಲ. ಆಕೆ ನಮಗೆ ಮಜ್ಜಿಗೆ ಕೊಟ್ಟಳು. ಒಂದು ಚೀಲ ರಾಗಿ ಆ ಮನೆಗೆ ಎಷ್ಟು ತಿಂಗಳ ಊಟವೆಂಬ ಲೆಕ್ಕ ಅರ್ಥಶಾಸ್ತ್ರದ ಮೇಷ್ಟ್ರಿಗೆ ಆಗ ಹೊಳೆಯಿತು. ಮಜ್ಜಿಗೆ ಗಂಟಲಲ್ಲಿ ಇಳಿಯಲಿಲ್ಲ.

ಹಳ್ಳಿಗೆ ಹೋಗಿ ದುಡಿಯುವುದು ವಿದ್ಯೆಯ ಒಂದು ಭಾಗವೆಂದು ನಾನೇ ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ! ಆದರೆ ಕಲಿಯಬೇಕಾದವನು ನಾನು ಎಂಬುದು ಮಾತ್ರ ಮನಸ್ಸಿಗೆ ಬಂದಿರಲಿಲ್ಲ.

ಆ ಸಲ ಮೊದಲ ದಿನ ಹಾರೆ ಗುದ್ದಲಿಗಳನ್ನು ಶಾಲೆಯಲ್ಲೇ ಬಿಟ್ಟೆವು. ಮನೆಮನೆಯ ಜಗಲಿಯ ಮೇಲೆ ಕೂತು, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಬರೆದುಕೊಂಡೆವು. ಎರಡನೆಯ ದಿನ, “ಎಲ್ಲಿ ತೋಡೋಣ, ಅಜ್ಜಿ?” ಎಂದೆ.

ಆಕೆ ಮನೆಯ ಹಿಂದಿನ ದಿಬ್ಬಕ್ಕೆ ನಡೆದು, ಕಾಲಿನ ಹೆಬ್ಬೆರಳಿನಿಂದ ನೆಲದ ಮೇಲೆ ಗೆರೆ ಎಳೆದಳು.