ಬಾಲ್ಟಿಮೋರಿನ ಬೊಂಬೆಮನೆಗಳು

ಅಮೆರಿಕದ ಪೂರ್ವ ಕರಾವಳಿಯ ಬಾಲ್ಟಿಮೋರ್ ನಗರವು ತನ್ನ ಬಂದರಿಗೂ ಇಟ್ಟಿಗೆಯ ಸಾಲುಮನೆಗಳಿಗೂ ಹೆಸರಾದುದು. ಅಲ್ಲಿ ೨೦೧೦ರಲ್ಲಿ ಬಾಗಿಲು ತೆರೆದ ಭವ್ಯವಾದ ಕಟ್ಟಡವೊಂದರಲ್ಲಿ ಮೇರಿಲೆಂಡ್ ರಾಜ್ಯದ ಮುಖ್ಯ ವೈದ್ಯಪರೀಕ್ಷಕರ ಕಚೇರಿಯಿದೆ. ಕೊಲೆ, ಅಪಘಾತ, ಆತ್ಮಹತ್ಯೆ, ಕಾರಣ ತಿಳಿಯದ ಹಠಾತ್ ಮರಣ—ಇವುಗಳ ವಿಚಾರಣೆಯೆಲ್ಲ ಈ ಕಚೇರಿಗೆ ಸೇರಿದುದು. ಇಂತಹ ಸ್ಥಳದಲ್ಲಿ ಬೊಂಬೆಮನೆಗಳಿವೆಯೆಂದರೆ ಯಾರಾದರೂ ಹುಬ್ಬೇರಿಸಿಯಾರು. ಆದರೆ ಇವೆ, ಒಂದಲ್ಲ, ಹದಿನೆಂಟು.

ಗಾಜಿನ ಹಿಂದೆ ಪುಟ್ಟ ಅಡುಗೆಮನೆ, ಪುಟ್ಟ ಮಲಗುವ ಮನೆ, ಪುಟ್ಟ ಕೊಟ್ಟಿಗೆ. ನಿಜವಾದ ಮನೆಯ ಒಂದಡಿ ಇಲ್ಲಿ ಒಂದಂಗುಲ. ಗೋಡೆಯಲ್ಲಿ ಪಂಚಾಂಗ, ಕಿಟಕಿಗೆ ಪರದೆ; ಬೊಂಬೆಯ ಕಾಲುಚೀಲವನ್ನು ಸಹ ಗುಂಡುಸೂಜಿಗಳಿಂದ ಹೆಣೆದಿದೆ. ಮೊದಲ ನೋಟಕ್ಕೆ ಮಕ್ಕಳು ಕೈಚಾಚುವಷ್ಟು ಸೊಗಸು. ಎರಡನೆಯ ನೋಟಕ್ಕೆ ಮಾತ್ರ, ಒಲೆಯ ಬಳಿ ಬಿದ್ದಿರುವ ಗೃಹಿಣಿ ಕಾಣುತ್ತಾಳೆ. ಪ್ರತಿಯೊಂದು ಮನೆಯಲ್ಲಿಯೂ ಸಾವು ಹೊಕ್ಕು ಹೋಗಿದೆ.

ಇವುಗಳನ್ನು ರಚಿಸಿದವಳು ಫ್ರಾನ್ಸಿಸ್ ಗ್ಲೆಸ್ನರ್ ಲೀ. ೧೮೭೮ರಲ್ಲಿ ಚಿಕಾಗೋದ ಸಿರಿವಂತ ಮನೆತನದಲ್ಲಿ ಹುಟ್ಟಿದ ಆಕೆಯ ಅಣ್ಣ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದ. ಆಕೆಗೆ ಕಾಲೇಜಿನ ಭಾಗ್ಯ ದೊರೆಯಲಿಲ್ಲ. ಅಣ್ಣನ ಮಿತ್ರನಾದ ಜಾರ್ಜ್ ಬರ್ಜೆಸ್ ಮಗ್ರಾತ್ ಎಂಬ ವೈದ್ಯಪರೀಕ್ಷಕನ ಮಾತುಗಳಿಂದ ಆಕೆ ಒಂದು ಕಟುಸತ್ಯವನ್ನು ಅರಿತಳು. ಅಂದು ಅಮೆರಿಕದ ಅನೇಕ ಕಡೆ ಅಸಹಜ ಸಾವಿನ ವಿಚಾರಣೆ, ವೈದ್ಯಶಾಸ್ತ್ರದ ಗಂಧವೇ ಇಲ್ಲದ ಚುನಾಯಿತ ಅಧಿಕಾರಿಗಳ ಕೈಯಲ್ಲಿತ್ತು. ಕಾಣದ ಕಣ್ಣಿನಿಂದ ಕೊಲೆಗಾರ ಪಾರಾಗಬಹುದು, ನಿರಪರಾಧಿ ನೇಣಿಗೇರಬಹುದು. ಆಕೆ ತನ್ನ ಸಂಪತ್ತಿನಿಂದ ೧೯೩೧ರಲ್ಲಿ ಹಾರ್ವರ್ಡಿನಲ್ಲಿ ನ್ಯಾಯವೈದ್ಯಕ ವಿಭಾಗಕ್ಕೆ ಬುನಾದಿ ಹಾಕಿದಳು. ೧೯೪೩ರಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಪೊಲೀಸ್ ಪಡೆ ಆಕೆಗೆ ಕ್ಯಾಪ್ಟನ್ ಪದವಿಯನ್ನಿತ್ತಿತು. ಆಗ ಆಕೆಗೆ ಅರವತ್ತೈದು ತುಂಬಿತ್ತು!

ಸಾವಿನ ಮನೆಯನ್ನು ಪಾಠಕ್ಕಾಗಿ ಕಾದಿರಿಸುವುದು ಸಾಧ್ಯವಿಲ್ಲ. ಆದ್ದರಿಂದ ಬಡಗಿಯ ನೆರವಿನಿಂದ ಆಕೆ ಅದನ್ನು ಕಿರಿದಾಗಿಸಿ ಕಟ್ಟಿದಳು. ಪ್ರತಿ ಮನೆಯ ಜೊತೆಗೆ ಸಾಕ್ಷಿಗಳ ಹೇಳಿಕೆಯೂ ಉಂಟು. ಹೇಳಿಕೆ ನಿಜವೆಂದು ಮಾತ್ರ ನಂಬುವಂತಿಲ್ಲ. ವಿದ್ಯಾರ್ಥಿಗಳಾದ ಪೊಲೀಸರಿಗೆ ಕೊಟ್ಟ ಅವಕಾಶ ೯೦ ನಿಮಿಷ. ಕೋಣೆಯ ಅಂಚಿನಿಂದ ಆರಂಭಿಸಿ, ಗಡಿಯಾರದ ಮುಳ್ಳಿನಂತೆ ಸುತ್ತುತ್ತ, ನೋಟವನ್ನು ನಡುವಿಗೆ ತರಬೇಕು. ದೇಹವನ್ನು ಕಂಡೊಡನೆ ಅದರತ್ತ ಧಾವಿಸುವವನು ಬಾಗಿಲ ಅಗುಳಿಯನ್ನು ಮರೆಯುತ್ತಾನೆ.

ದೇಹವೂ ತನ್ನದೇ ಆದ ಭಾಷೆಯಲ್ಲಿ ಸಾಕ್ಷಿ ನುಡಿಯುತ್ತದೆ. ಹೃದಯ ನಿಂತ ಬಳಿಕ ರಕ್ತವು ತಗ್ಗಿನ ಭಾಗಕ್ಕಿಳಿದು ನೀಲಿಗೆಂಪು ಕಲೆಯಾಗುತ್ತದೆ. ಸುಮಾರು ಎಂಟು ಹನ್ನೆರಡು ಗಂಟೆಗಳಲ್ಲಿ ಆ ಕಲೆ ನೆಲೆನಿಲ್ಲುತ್ತದೆ. ಅಂಗಾತ ಮಲಗಿದ ದೇಹದ ಎದೆಯ ಮೇಲೆ ಅದು ಕಂಡರೆ, ಸತ್ತ ಮೇಲೆ ಯಾರೋ ಹೊರಳಿಸಿದ್ದಾರೆಂದೇ ಅರ್ಥ. ಸೆಟೆತ ಮೊದಲು ರೆಪ್ಪೆ ದವಡೆಗಳಲ್ಲಿ ತೋರಿ, ಮೈಯೆಲ್ಲ ವ್ಯಾಪಿಸಿ, ಒಂದೆರಡು ದಿನಗಳಲ್ಲಿ ಸಡಿಲುತ್ತದೆ. ಸೆಕೆಯಲ್ಲಿ ಇನ್ನೂ ಬೇಗ. ಇಂಗಾಲದ ಮಾನಾಕ್ಸೈಡ್ ಅನಿಲದಿಂದ ಸತ್ತವರ ಚರ್ಮಕ್ಕೆ ಚೆರ್ರಿಹಣ್ಣಿನ ಕೆಂಪು ಬರುತ್ತದೆ. ಶ್ರೀಮತಿ ಲೀ ಈ ಬಣ್ಣಗಳನ್ನೆಲ್ಲ ಬೊಂಬೆಗಳ ಮೈಮೇಲೆ ತಪ್ಪದೆ ಬರೆದಳು.

ಸ್ನಾನದ ಮನೆಯೊಂದರಲ್ಲಿ ಹೆಂಗಸೊಬ್ಬಳು ತೊಟ್ಟಿಯಲ್ಲಿ ಬಿದ್ದಿದ್ದಾಳೆ. ನಲ್ಲಿಯ ನೀರು ಮುಖದ ಮೇಲೆ ಸುರಿಯುತ್ತಿದೆ. ಕಾಲುಗಳು ತೊಟ್ಟಿಯ ಅಂಚಿನಾಚೆ ಕಟ್ಟಿಗೆಯಂತೆ ನೆಟ್ಟಗಿವೆ. ಅವಸರದ ಕಣ್ಣು, ಕುಡಿದು ಜಾರಿರಬೇಕೆಂದು ಕಡತ ಮುಚ್ಚೀತು. ತಾಳ್ಮೆಯ ಕಣ್ಣು, ಆ ಕಾಲುಗಳು ಸೆಟೆದಾಗ ದೇಹ ಎಲ್ಲಿತ್ತು, ಹೇಗಿತ್ತು ಎಂದು ಕೇಳುತ್ತದೆ. ಉತ್ತರವನ್ನು ಹೊರಗಿನವರಿಗೆ ಹೇಳುವುದಿಲ್ಲ. ಬೊಂಬೆಗಳು ಇನ್ನೂ ಪಾಠಕ್ಕೆ ಒದಗುತ್ತಿವೆ. ಎಲ್ಲವೂ ಕೊಲೆಗಳಲ್ಲ. ಕೊಲೆಯನ್ನೇ ಹುಡುಕುತ್ತ ಬಂದವನೂ ಇಲ್ಲಿ ಮುಗ್ಗರಿಸಬಹುದು.

ಅರಮನೆಯಂತಹ ಮನೆಯಲ್ಲಿ ಬೆಳೆದ ಶ್ರೀಮತಿ ಲೀ ಕಟ್ಟಿದ್ದು ಬಹುಮಟ್ಟಿಗೆ ಸಾಮಾನ್ಯರ, ಬಡವರ ಮನೆಗಳನ್ನು. ಸತ್ತವರಲ್ಲಿ ಹೆಂಗಸರೇ ಹೆಚ್ಚು. ಶ್ರೀಮಂತನ ಸಾವಿಗೆ ನೂರು ಜನ ಕಾರಣ ಕೇಳುತ್ತಾರೆ. ಬಾಡಿಗೆ ಕೋಣೆಯಲ್ಲಿ ಸತ್ತ ಒಂಟಿ ಹೆಂಗಸಿಗಾಗಿ ಕೇಳುವವರು ಯಾರು? ಅವಳ ಪರವಾಗಿ ಕೇಳುವುದು ತನಿಖೆಗಾರನ ಎರಡು ಕಣ್ಣುಗಳು ಮಾತ್ರ.

ಲೀ ೧೯೬೨ರಲ್ಲಿ ತೀರಿಕೊಂಡಳು. ಹಾರ್ವರ್ಡಿನ ವಿಭಾಗ ಮುಚ್ಚಿದ ಮೇಲೆ ಮನೆಗಳು ೧೯೬೮ರಲ್ಲಿ ಬಾಲ್ಟಿಮೋರಿಗೆ ಬಂದವು. ತಕ್ಕ ಸ್ಥಳಕ್ಕೇ ಬಂದವೆನ್ನಬೇಕು. ಏಕೆಂದರೆ ರಾಜ್ಯವ್ಯಾಪಿ ವೈದ್ಯಪರೀಕ್ಷಕ ಪದ್ಧತಿಯನ್ನು ೧೯೩೯ರಲ್ಲೇ ಆರಂಭಿಸಿದ ರಾಜ್ಯ ಮೇರಿಲೆಂಡ್. ೨೦೧೭ರಲ್ಲಿ ಅವು ವಾಷಿಂಗ್ಟನ್ನಿನ ರೆನ್ವಿಕ್ ಕಲಾಶಾಲೆಯಲ್ಲಿ ಪ್ರದರ್ಶನಗೊಂಡಾಗ ಜನ ಕಲಾಕೃತಿಗಳೆಂದು ಮೆಚ್ಚಿದರು. ಪ್ರದರ್ಶನ ಮುಗಿದೊಡನೆ ಅವು ಮತ್ತೆ ಬಾಲ್ಟಿಮೋರಿಗೆ ಮರಳಿದವು. ಆ ಕಟ್ಟಡದ ಕೆಳಗಿನ ಶವಪರೀಕ್ಷಾಲಯದಲ್ಲಿ ವೈದ್ಯರು ನಿಜವಾದ ದೇಹಗಳ ಮುಂದೆ ನಿಂತು, ಬೊಂಬೆಗಳು ಕೇಳುವ ಪ್ರಶ್ನೆಗಳನ್ನೇ ಇಂದಿಗೂ ಕೇಳುತ್ತಿದ್ದಾರೆ.